ದವಡೆ ಬಿಗಿತಕ್ಕೆ ಸೂಜಿ ಬೇಕೇ?



ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ತಮ್ಮ ಸಪ್ಪಳ ತಮಗೆ ಕೇಳಿಸುವುದಿಲ್ಲ. ನಿದ್ದೆ ಕೆಡುವುದು ಪಕ್ಕದಲ್ಲಿ ಮಲಗಿದವರದು. "ರಾತ್ರಿ ಇಡೀ ಹಲ್ಲ ಕಡಿತಾಳ್ರಿ, ಇಲಿ ಜ್ವಾಳಾ ಕಡದಂಗ" ಎಂದು ಬೈಲಹೊಂಗಲ, ಸವದತ್ತಿ ಕಡೆಯ ಅತ್ತೆಯಂದಿರು ಹೇಳಿದರೆ ಸೊಸೆಗೆ ನಾಚಿಕೆ. ನಾಚುವಂಥದ್ದು ಇದರಲ್ಲಿ ಏನೂ ಇಲ್ಲ. ಬೆಳಿಗ್ಗೆ ಎದ್ದಾಗ ಕೆನ್ನೆ ಜಡವಾಗಿರುವುದು, ಹಣೆಯ ಎರಡೂ ಬದಿ ನೋಯುವುದು, ಆಕಳಿಸಿದರೆ ಕಿವಿಯ ಮುಂದೆ ಟಕ್ ಎನ್ನುವುದು, ಕಡಕ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋತುಹೋಗುವುದು, ಇವೆಲ್ಲ ಒಂದೇ ತೊಂದರೆಯ ಬೇರೆ ಬೇರೆ ಮುಖಗಳಿರಬಹುದು.

ಈ ಸಲ ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳ ಸಹೋದರಿಯರೂ ಈಗ ಮೊಬೈಲಿನಲ್ಲಿ ಒಂದು ಜಾಹೀರಾತು ನೋಡುತ್ತಿದ್ದಾರೆ. ದವಡೆಗೆ ಬೊಟಾಕ್ಸ್ ಸೂಜಿ ಹಾಕಿಸಿಕೊಂಡರೆ ಹಲ್ಲು ಕಡಿಯುವುದು ನಿಲ್ಲುತ್ತದಂತೆ, ಜೊತೆಗೆ ಅಗಲ ಮುಖ ತೆಳ್ಳಗಾಗುತ್ತದಂತೆ. ನಿಜವೇ, ಹಾಕಿಸಿಕೊಳ್ಳಬಹುದೇ ಎಂದು ಕೇಳುತ್ತಾರೆ. ಕೆಲವರಿಗೆ ಈ ಸೂಜಿಯಿಂದ ನಿಜವಾಗಿ ಉಪಕಾರವಿದೆ. ಆದರೆ ಹೆಚ್ಚಿನವರಿಗೆ ಅದು ಮೊದಲ ಚಿಕಿತ್ಸೆ ಅಲ್ಲ. ಕೆಲವರಿಗಂತೂ ಅದು ಬೇಡವೇ ಬೇಡ.

ಮೊದಲು ತೊಂದರೆ ಏನೆಂದು ತಿಳಿಯೋಣ. ಎರಡೂ ಕೆನ್ನೆಯ ಮೇಲೆ ಕೈಯಿಟ್ಟು ಹಲ್ಲು ಗಟ್ಟಿಯಾಗಿ ಕಚ್ಚಿ ನೋಡಿ. ಬೆರಳ ಕೆಳಗೆ ಉಬ್ಬಿ ಬರುವುದೇ ಅಗಿಯುವ ಸ್ನಾಯು. ವೈದ್ಯರು ಇದನ್ನು ಮ್ಯಾಸೆಟರ್ ಎನ್ನುತ್ತಾರೆ. ಹಣೆಯ ಬದಿಯಲ್ಲಿ ಇದರ ಜೊತೆಗಾರ ಸ್ನಾಯು ಇನ್ನೊಂದಿದೆ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬೇಕಿಲ್ಲ. ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸಣ್ಣ ಅಂತರವಿರುವುದೇ ದವಡೆಯ ವಿಶ್ರಾಂತಿ. ಈ ಸಾಲು ಓದುವಾಗ ನಿಮ್ಮ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ನೀವೂ ಹಗಲಿನಲ್ಲಿ ದವಡೆ ಬಿಗಿಯುವವರ ಸಾಲಿನಲ್ಲಿದ್ದೀರಿ.

ಹಗಲಿನ ಬಿಗಿತ ಬೇರೆ, ರಾತ್ರಿಯ ಕಡಿತ ಬೇರೆ. ಹಗಲಿನದು ಹೆಚ್ಚಾಗಿ ಏಕಾಗ್ರತೆಯ, ಚಿಂತೆಯ ಅಭ್ಯಾಸ. ರಾಮದುರ್ಗದ ಕಡೆ ಮಗ್ಗದ ಕೆಲಸದಲ್ಲಿ ಕೂತವರು, ಹೊಲಿಗೆ ಯಂತ್ರದ ಮುಂದೆ ಬಗ್ಗಿದವರು, ರಾತ್ರಿ ಹನ್ನೊಂದರ ತನಕ ಮೊಬೈಲ್ ನೋಡುವವರು ತಮಗರಿವಿಲ್ಲದೆ ಹಲ್ಲು ಕಚ್ಚಿಕೊಂಡಿರುತ್ತಾರೆ. ರಾತ್ರಿಯದು ನಿದ್ದೆಯ ನಡುವೆ ಮೆದುಳು ಕ್ಷಣಕಾಲ ಎಚ್ಚರದ ಕಡೆ ವಾಲಿದಾಗ ಆಗುವ ಚಲನೆ. ಅದನ್ನು ಮನಸ್ಸಿನ ಬಲದಿಂದ ತಡೆಯಲಾಗದು. "ಹಲ್ಲು ಕಡೀಬ್ಯಾಡ" ಎಂದು ಗದರಿಸಿ ಪ್ರಯೋಜನವಿಲ್ಲ.

ಕಾರಣಗಳು ಒಂದೆರಡಲ್ಲ. ಚಿಂತೆ ಮತ್ತು ಆತಂಕ ದೊಡ್ಡದು. ಸಂಜೆಯ ನಂತರವೂ ಕಡಕ್ ಚಹಾ, ಕಾಫಿ ಕುಡಿಯುವುದು ಇನ್ನೊಂದು. ತಂಬಾಕು ಮತ್ತೊಂದು. ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗುವವರಲ್ಲಿ, ಎದೆಯುರಿ, ಹುಳಿತೇಗು ಇರುವವರಲ್ಲಿ ಹಲ್ಲು ಕಡಿಯುವುದು ಹೆಚ್ಚಾಗಿ ಕಾಣುತ್ತದೆ. ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ದವಡೆ ಬಿಗಿಯುತ್ತದೆ. ಹಾಗೆಂದು ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಅವರು ಪ್ರಮಾಣ ತಗ್ಗಿಸುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸ್ನಾಯುವಿನ ನೋವು ಹಲ್ಲುನೋವಿನ ವೇಷ ಹಾಕುತ್ತದೆ. ಕೆನ್ನೆಯ ಸ್ನಾಯು ದಣಿದಾಗ ನೋವು ದವಡೆಹಲ್ಲಿನಲ್ಲೇ ಇದ್ದಂತೆ ಅನಿಸುತ್ತದೆ. "ಈ ಹಲ್ಲು ಕಿತ್ತುಬಿಡ್ರಿ ಡಾಕ್ಟರ್" ಎಂದು ನಾವೇ ಹಠ ಹಿಡಿಯುತ್ತೇವೆ. ಹುಳುಕಿಲ್ಲದ ಹಲ್ಲು ಹೋಗುತ್ತದೆ, ನೋವು ಅಲ್ಲೇ ಇರುತ್ತದೆ, ಮುಂದಿನ ತಿಂಗಳು ಪಕ್ಕದ ಹಲ್ಲಿನ ಸರದಿ. ಎಕ್ಸರೇಯಲ್ಲಿ ಹುಳುಕು, ಕೀವು ಕಾಣದಿದ್ದರೆ, ನೋವು ಬೆಳಗಿನ ಹೊತ್ತೇ ಹೆಚ್ಚಿದ್ದರೆ, ಕೆನ್ನೆ ಒತ್ತಿದಾಗ ಅದೇ ನೋವು ಮರುಕಳಿಸಿದರೆ, ಹಲ್ಲು ಕೀಳಿಸುವ ಮುನ್ನ "ಇದು ಸ್ನಾಯುವಿನದ್ದಿರಬಹುದೇ?" ಎಂದು ಕೇಳಿ. ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ.

ಇನ್ನೊಂದು ಗೊಂದಲ ನಮ್ಮ ಭಾಗದಲ್ಲಿ ವಿಶೇಷ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿಯ ಒಳಚರ್ಮ ನಿಧಾನವಾಗಿ ಗಟ್ಟಿಯಾಗಿ ಬಿಳಿಚಿಕೊಳ್ಳುತ್ತದೆ. ಖಾರ ತಾಗಿದರೆ ಉರಿ, ಬಾಯಿ ಅಗಲಿಸಲು ಕಷ್ಟ. ಇದನ್ನೂ ಜನ "ದವಡೆ ಹಿಡಿದದ್ದು" ಎನ್ನುತ್ತಾರೆ. ಆದರೆ ಇದು ಸ್ನಾಯುವಿನ ಬಿಗಿತವಲ್ಲ, ಮುಂದೆ ಕ್ಯಾನ್ಸರ್ ಆಗಬಹುದಾದ ಕಾಯಿಲೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಿ. ಹಿಡಿಸದಿದ್ದರೆ ವೈದ್ಯರಲ್ಲಿಗೆ ಹೋಗಿ. ಇಂಥವರಿಗೆ ಕೆನ್ನೆಯ ಸೂಜಿಯಿಂದ ಆ ಗಟ್ಟಿತನ ಹೋಗುವುದಿಲ್ಲ, ಅಡಿಕೆ ಬಿಡಲೇಬೇಕು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಡಿಕೆ ಪುಡಿಯ ಪಾಕೀಟು ಮಾತ್ರ ಕಿರಾಣಿ ಅಂಗಡಿಯ ಬಾಗಿಲಲ್ಲಿ ಹಾರದಂತೆ ನೇತಾಡುತ್ತಲೇ ಇದೆ. ಗಂಡಸರಷ್ಟೇ ಅಲ್ಲ, ಊಟದ ಮೇಲೆ ಬಾಯಿ ಸುಮ್ಮನಿರದ ಹೆಣ್ಣುಮಕ್ಕಳೂ ಅದನ್ನು ಹರಿದು ಬಾಯಿಗೆ ಹಾಕಿಕೊಳ್ಳುತ್ತಾರೆ.

ಈಗ ಸೂಜಿಯ ವಿಷಯಕ್ಕೆ ಬರೋಣ. ಬೊಟಾಕ್ಸ್ ಎಂಬುದು ಒಂದು ಕಂಪನಿ ಇಟ್ಟ ಮಾರಾಟದ ಹೆಸರು, ಮದ್ದಿನ ಹೆಸರು ಬೊಟುಲಿನಮ್ ಟಾಕ್ಸಿನ್. ಟಾಕ್ಸಿನ್ ಎಂದರೆ ವಿಷವೇ. ಕೆಟ್ಟುಹೋದ, ಗಾಳಿಯಾಡದ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದನ್ನು ಉತ್ಪಾದಿಸುತ್ತದೆ. ಜರ್ಮನಿಯಲ್ಲಿ ಹಳಸಿದ ಸಾಸೇಜ್ ತಿಂದವರ ಕೈಕಾಲು ಬಿದ್ದುಹೋಗಿ ಉಸಿರು ನಿಂತು ಸಾಯುವುದನ್ನು ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ ಕೂಲಂಕಷವಾಗಿ ಗಮನಿಸಿ 1822ರಲ್ಲಿ ಪುಸ್ತಕ ಬರೆದ. ನಮ್ಮ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯದೆದುರು ಥ್ಯಾಕರೆ ಸತ್ತದ್ದು 1824ರಲ್ಲಿ. ಅದಕ್ಕೂ ಎರಡು ವರ್ಷ ಹಿಂದಿನ ಮಾತಿದು. ಈ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಹಟ ಹಿಡಿದ ನರ, ಸ್ನಾಯುಗಳನ್ನು ಸಮಾಧಾನಪಡಿಸಬಹುದೆಂದು ಆತ ಆಗಲೇ ಊಹಿಸಿದ್ದ. ಆ ಊಹೆ ನಿಜವಾಗಲು ನೂರೈವತ್ತು ವರ್ಷ ಹಿಡಿಯಿತು. ಅಮೆರಿಕದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿಗೆ ಬಳಸಿ ತೋರಿಸಿದರು. 1989ರಲ್ಲಿ ಅಮೆರಿಕದ ಔಷಧ ಇಲಾಖೆ ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಒಪ್ಪಿಗೆ ಕೊಟ್ಟಿತು. ಹುಬ್ಬಿನ ನಡುವಿನ ಸುಕ್ಕಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ದೀರ್ಘಕಾಲದ ಮೈಗ್ರೇನಿಗೆ 2010ರಲ್ಲಿ. ಅಂದರೆ ಇದು ಹುಟ್ಟಿದ್ದು ಚಿಕಿತ್ಸೆಗೆ, ಸೌಂದರ್ಯದ ಅಂಗಡಿಗೆ ಹೋದದ್ದು ಆಮೇಲೆ.

ಹಲ್ಲು ಕಡಿಯುವುದಕ್ಕೆ ಮಾತ್ರ ಆ ಇಲಾಖೆಯ ಒಪ್ಪಿಗೆ ಇಲ್ಲ. ಹಾಗೆಂದರೆ ಹಾಕುವುದು ಅಪರಾಧವೆಂದಲ್ಲ. ತಜ್ಞ ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತಾರೆ, ಪ್ರಪಂಚದ ಹಲವೆಡೆ ಬಳಸುತ್ತಲೂ ಇದ್ದಾರೆ. ಆದರೆ ಎಲ್ಲ ಪರೀಕ್ಷೆಯೂ ಮುಗಿದು ಪಾಸಾದ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೆಲಸ ಮಾಡುವ ಬಗೆ ಹೀಗೆ. ನರದ ತುದಿಯಿಂದ ಸ್ನಾಯುವಿಗೆ "ಬಿಗಿ" ಎಂಬ ಆಜ್ಞೆಯನ್ನು ಒಯ್ಯುವ ರಾಸಾಯನಿಕವೊಂದಿದೆ. ಮದ್ದು ಅದನ್ನು ನರದ ತುದಿಯಲ್ಲೇ ತಡೆದು ನಿಲ್ಲಿಸುತ್ತದೆ. ಎರಡೂ ಕೆನ್ನೆಯ ಸ್ನಾಯುವಿಗೆ ಕೆಲವು ಕಡೆ ಸಣ್ಣ ಸೂಜಿಯಿಂದ ಹಾಕುತ್ತಾರೆ, ಹತ್ತು ಹದಿನೈದು ನಿಮಿಷದ ಕೆಲಸ, ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಪರಿಣಾಮ ಆ ಕ್ಷಣ ಕಾಣದು. ಕೆಲವು ದಿನಗಳಲ್ಲಿ ಶುರುವಾಗಿ ಎರಡು ವಾರದ ಹೊತ್ತಿಗೆ ದವಡೆ ಸಡಿಲವಾದದ್ದು ತಿಳಿಯುತ್ತದೆ. ಮೂರು ನಾಲ್ಕು ತಿಂಗಳಲ್ಲಿ ನರ ಚೇತರಿಸಿಕೊಂಡು ಸ್ನಾಯು ಮೊದಲಿನಂತಾಗುತ್ತದೆ. ಆಗ ಮತ್ತೆ ಸೂಜಿ, ಮತ್ತೆ ಖರ್ಚು. ಒಂದು ಸಲಕ್ಕೆ ಹತ್ತಾರು ಸಾವಿರ ರೂಪಾಯಿವರೆಗೂ ಹೋಗಬಹುದು. ವರ್ಷಕ್ಕೆ ಎರಡು ಮೂರು ಸಲ ಎಂದು ಲೆಕ್ಕ ಹಾಕಿ, ಮನೆಯವರೊಡನೆ ಕೂತು ಮಾತಾಡಿ.

ಇದರ ಗುಣವನ್ನೂ ಮಿತಿಯನ್ನೂ ಒಟ್ಟಿಗೆ ತಿಳಿಯಬೇಕು. ನಿದ್ದೆಯ ಪ್ರಯೋಗಾಲಯದಲ್ಲಿ ನಡೆದ ಅಧ್ಯಯನದಲ್ಲಿ ಕಂಡದ್ದೇನೆಂದರೆ, ಸೂಜಿಯ ನಂತರವೂ ರಾತ್ರಿ ದವಡೆ ಅಲುಗುವ ಸಂಖ್ಯೆ ಹೆಚ್ಚು ಕಡಿಮೆ ಅಷ್ಟೇ, ಕಚ್ಚುವ ಬಲ ಮಾತ್ರ ಇಳಿಯುತ್ತದೆ. ಮೆದುಳು ಆಜ್ಞೆ ಕೊಡುವುದನ್ನು ನಿಲ್ಲಿಸಿಲ್ಲ, ಸ್ನಾಯುವಿಗೆ ಪೂರಾ ಕೇಳಿಸುತ್ತಿಲ್ಲ ಅಷ್ಟೆ. ಬಲ ಇಳಿದರೆ ಹಲ್ಲು ಸವೆಯುವುದು, ಸೀಳುವುದು ಕಡಿಮೆಯಾಗಬಹುದು, ನೋವೂ ಇಳಿಯಬಹುದು. ನೈಟ್ ಗಾರ್ಡ್ ಕಚ್ಚಿ ಒಡೆಯುವಷ್ಟು ಬಲ ಇರುವವರಿಗೆ, ಬೇರೆ ಎಲ್ಲ ಮಾಡಿಯೂ ನೋವಿನಿಂದ ಬಾಯಿ ತೆರೆಯಲಾಗದವರಿಗೆ ಇದು ದೊಡ್ಡ ಉಪಕಾರ. ಅಂಥವರು ಹಿಂಜರಿಯಬೇಕಿಲ್ಲ. ಆದರೆ ಗೊರಕೆಯ ಉಸಿರುಕಟ್ಟುವಿಕೆಯಿಂದ ಹಲ್ಲು ಕಡಿಯುತ್ತಿದ್ದರೆ ಸೂಜಿ ಸಪ್ಪಳವನ್ನಷ್ಟೇ ಮುಚ್ಚುತ್ತದೆ, ಉಸಿರಿನ ತೊಂದರೆ ಹಾಗೆಯೇ ಉಳಿಯುತ್ತದೆ.

ಅಡ್ಡ ಪರಿಣಾಮಗಳೂ ಇವೆ. ಕೆಲ ವಾರ ಗಟ್ಟಿ ಪದಾರ್ಥ ಅಗಿಯಲು ಬಲ ಸಾಲದು. ಸಜ್ಜೆಯ ಕಡಕ ರೊಟ್ಟಿ, ಹುರಿಗಡಲೆ, ಕಬ್ಬು, ಬಕ್ರೀದಿನ ಎಲುಬು ಎಲ್ಲ ದೂರ. ಮದ್ದು ಪಕ್ಕದ ಸ್ನಾಯುವಿಗೆ ಹರಿದರೆ ನಗು ಒಂದು ಕಡೆ ವಾಲುತ್ತದೆ. ಇವು ತಾತ್ಕಾಲಿಕ. ಪದೇ ಪದೇ ವರ್ಷಗಟ್ಟಲೆ ಹಾಕಿಸಿಕೊಂಡರೆ ಸ್ನಾಯು ಸೊರಗುವುದು, ಕೆನ್ನೆ ಜೋಲುವುದು ಮಾತ್ರವಲ್ಲ, ಅಗಿಯುವ ಬಲ ಬೀಳದ ದವಡೆಯ ಮೂಳೆಯೂ ತೆಳುವಾಗಬಹುದೆಂಬ ಆತಂಕ ಸಂಶೋಧಕರಲ್ಲಿದೆ. ಮುಟ್ಟು ನಿಂತ ವಯಸ್ಸಿನಲ್ಲಿ ಹೇಗೂ ಮೂಳೆ ಸವೆಯುತ್ತದೆ, ಆ ವಯಸ್ಸಿನವರು ಇದನ್ನು ವಿಶೇಷವಾಗಿ ವಿಚಾರಿಸಬೇಕು. ಅಪರೂಪಕ್ಕೆ ಮದ್ದು ದೇಹದಲ್ಲಿ ಹರಡಿ ನುಂಗಲು, ಮಾತಾಡಲು, ಉಸಿರಾಡಲು ತೊಂದರೆಯಾಗುತ್ತದೆ. 2009ರಿಂದ ಅಮೆರಿಕದಲ್ಲಿ ಪ್ರತಿ ಡಬ್ಬಿಯ ಜೊತೆ ಈ ಎಚ್ಚರಿಕೆಯನ್ನು ಕಡ್ಡಾಯವಾಗಿ ಕೊಡಬೇಕು. ಸೂಜಿ ಹಾಕಿಸಿಕೊಂಡ ಕೆಲವು ದಿನ, ವಾರಗಳಲ್ಲಿ ಹಾಗಾದರೆ ಬೆಳಗಾಗಲಿ ಎಂದು ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಗರ್ಭಿಣಿಯರು, ಎದೆಹಾಲು ಕುಡಿಸುವವರು ಇದನ್ನು ಮುಂದೂಡುವುದೇ ಸರಿ. ಮಯಸ್ತೇನಿಯಾದಂಥ ನರ ಮತ್ತು ಸ್ನಾಯುಗಳ ಕಾಯಿಲೆ ಇರುವವರಿಗೆ ಇದು ಕೂಡದು. ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ನಡೆದಿದ್ದರೆ ಮೊದಲೇ ತಿಳಿಸಬೇಕು. ಹಸುವಿನ ಹಾಲಿನ ಪ್ರೋಟೀನು ಆಗಿಬಾರದವರು ಇನ್ನೂ ಒಂದು ಪ್ರಶ್ನೆ ಕೇಳಬೇಕು, ಏಕೆಂದರೆ ಕೆಲವು ಕಂಪನಿಯ ಮದ್ದಿನಲ್ಲಿ ಅದರ ಅಂಶ ಇರಬಹುದು. ಈ ಮದ್ದು ಫ್ರಿಜ್ಜಿನ ತಂಪಿನಲ್ಲೇ ಇರಬೇಕು, 2ರಿಂದ 8 ಡಿಗ್ರಿ. ಏಪ್ರಿಲಿನ ಬಿಸಿಲಲ್ಲಿ ಯಾರದೋ ಬ್ಯಾಗಿನಲ್ಲಿ ಬಸ್ಸು ಹತ್ತಿ ಬಂದ ಬಾಟಲಿಯನ್ನು ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ಕೂತು ಹಾಕಿಸಿಕೊಳ್ಳುವುದು ಹುಚ್ಚು ಧೈರ್ಯ. ಕಂಪನಿಯಿಂದ ಕಂಪನಿಗೆ ಯುನಿಟ್ ಲೆಕ್ಕ ಬೇರೆ. ಯಾವ ಕಂಪನಿ, ಎಷ್ಟು ಯುನಿಟ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವವರಲ್ಲಿ ಹಾಕಿಸಿಕೊಳ್ಳಬೇಡಿ.

ಹಲಾಲ್, ಹರಾಮ್‌ನ ಪ್ರಶ್ನೆ ನಮ್ಮ ಸಹೋದರಿಯರಿಗೆ ಸಹಜವಾಗಿ ಬರುತ್ತದೆ. ಕೆಲವು ತಯಾರಿಕೆಗಳಲ್ಲಿ ಮನುಷ್ಯರ ರಕ್ತದಿಂದ ಪಡೆದ ಆಲ್ಬುಮಿನ್ ಇದೆ. ಬ್ಯಾಕ್ಟೀರಿಯಾ ಬೆಳೆಸುವಾಗ ಪ್ರಾಣಿಮೂಲದ ಪದಾರ್ಥ ಬಳಸುವುದೂ ಉಂಟು. ಮಲೇಷ್ಯಾದ ರಾಷ್ಟ್ರೀಯ ಫತ್ವಾ ಮಂಡಳಿ 2006ರಲ್ಲಿ ಸೌಂದರ್ಯಕ್ಕಾಗಿ ಬೊಟಾಕ್ಸ್ ಬಳಸುವುದನ್ನು ನಿಷಿದ್ಧವೆಂದಿತು, ಚಿಕಿತ್ಸೆಯ ಅಗತ್ಯ ಬಿದ್ದಾಗ ತಜ್ಞರ ಕೈಯಿಂದ ಬಳಸಲು ಅವಕಾಶ ಬಿಟ್ಟಿತು. ತೀರ್ಪು ಹೇಳುವುದು ಈ ಅಂಕಣದ ಕೆಲಸವಲ್ಲ, ನೀವು ನಂಬುವ ಆಲಿಮರನ್ನು ಕೇಳಿ. ಕೇಳುವಾಗ ನೋವಿಗೆ ಬೇಕಾಗಿದೆಯೋ, ಮುಖ ತೆಳ್ಳಗಾಗಲು ಬೇಕಾಗಿದೆಯೋ ಎಂಬುದನ್ನು ಬಿಡಿಸಿ ಹೇಳಿ. ವೈದ್ಯರೂ ಇದನ್ನೇ ಮೊದಲು ಕೇಳಬೇಕು. ಮದುವೆಗೆ ಹದಿನೈದು ದಿನ ಇರುವಾಗ ಹುಡುಗಿಯ ಮುಖ ಅಗಲವೆಂದು ಅಗಿಯುವ ಸ್ನಾಯುವನ್ನು ಸೊರಗಿಸುವುದನ್ನು ನಾನಂತೂ ಚಿಕಿತ್ಸೆ ಎನ್ನಲಾರೆ.

ಹಾಗಾದರೆ ಮೊದಲು ಏನು ಮಾಡಬೇಕು? ಹಗಲಿನ ಅಭ್ಯಾಸದಿಂದ ಶುರು ಮಾಡಿ. ದಿನಕ್ಕೆ ಐದು ಹೊತ್ತು ವುಝೂ ಮಾಡುವಾಗ ಬಾಯಿ ಮುಕ್ಕಳಿಸುತ್ತೇವಲ್ಲ, ಆಗೊಮ್ಮೆ ದವಡೆಯನ್ನು ಗಮನಿಸಿ. ಬಿಗಿದಿದ್ದರೆ ಬಾಯೊಳಗೇ "ನ" ಎಂದು ಹೇಳಿದಂತೆ ನಾಲಗೆಯ ತುದಿಯನ್ನು ಮೇಲಿನ ಮುಂಗಲ್ಲಿನ ಹಿಂದೆ ಇಟ್ಟು ದವಡೆ ಸಡಿಲ ಬಿಡಿ. ಹಲ್ಲುಗಳು ತಾವಾಗಿ ಬೇರೆಯಾಗುತ್ತವೆ. ಇದಕ್ಕಿಂತ ಅಗ್ಗದ ಚಿಕಿತ್ಸೆ ಇಲ್ಲ, ಹಗಲಿನ ಬಿಗಿತಕ್ಕೆ ಕೆಲವು ವಾರದಲ್ಲಿ ಗುಣ ಕಾಣುತ್ತದೆ. ರಾತ್ರಿ ಮಲಗುವ ಮುನ್ನ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಕಾಲು ಗಂಟೆ ಶಾಖ ಕೊಡಿ, ಬೆರಳಿನಿಂದ ಮೆಲ್ಲಗೆ ನೀವಿ. ನೋವಿರುವ ದಿನಗಳಲ್ಲಿ ಕಡಕ ರೊಟ್ಟಿಯ ಬದಲು ಬಿಸಿ ಮೆತ್ತನೆ ರೊಟ್ಟಿ, ಅನ್ನ, ಕಿಚಡಿ ಸಾಕು. ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿಯುವುದನ್ನು ಬಿಡಿ. ಅಸರ್ ನಂತರ ಚಹಾ ಬೇಡ.

ಆಮೇಲೆ ದಂತ ವೈದ್ಯರು. ಹಲ್ಲಿನ ಅಳತೆ ತೆಗೆದು ಮಾಡಿಕೊಡುವ ನೈಟ್ ಗಾರ್ಡ್ ಎಂಬ ಪಾರದರ್ಶಕ ತಟ್ಟೆಯನ್ನು ರಾತ್ರಿ ಹಾಕಿಕೊಂಡರೆ ಹಲ್ಲಿನ ಬದಲು ಅದು ಸವೆಯುತ್ತದೆ. ಅಂಗಡಿಯಲ್ಲಿ ರೆಡಿಮೇಡ್ ಸಿಗುವುದನ್ನು ಕೊಳ್ಳಬೇಡಿ, ಅಳತೆ ತಪ್ಪಿದರೆ ಕಚ್ಚುವ ಸಮತೋಲವೇ ಕೆಡುತ್ತದೆ. ತಾಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿ ಮೊದಲು ತೋರಿಸಿ. ಮುಂದೆ ಹೋಗಬೇಕಾದರೆ ಬೈಲಹೊಂಗಲದವರಿಗೆ ಬೆಳಗಾವಿಯ ಕೆಎಲ್‌ಇ ದಂತ ವೈದ್ಯಕೀಯ ಕಾಲೇಜು, ಕಿತ್ತೂರು, ಸವದತ್ತಿಯವರಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಹತ್ತಿರ. ರಾಮದುರ್ಗದವರಿಗೆ ಎಲ್ಲವೂ ದೂರವೇ, ಬಾಗಲಕೋಟೆಯಲ್ಲೂ ಒಂದು ದಂತ ಕಾಲೇಜು ಇದೆ. ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ, ಕಾಯುವುದು ಜಾಸ್ತಿ. ಹೋಗುವಾಗ ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಸೂಜಿ ಬೇಕೆಂದೇ ವೈದ್ಯರು ಹೇಳಿದರೆ ಅವಸರವೇನೂ ಇಲ್ಲ, ರಮಝಾನ್ ಮುಗಿಸಿಕೊಂಡೇ ಹಾಕಿಸಿಕೊಳ್ಳಬಹುದು.

ಇಷ್ಟಾದರೂ ದವಡೆ ಯಾಕೆ ಬಿಗಿಯಿತೆಂಬ ಪ್ರಶ್ನೆ ಉಳಿದೇ ಇರುತ್ತದೆ. ಕನ್ನಡದಲ್ಲಿ "ಹಲ್ಲು ಕಚ್ಚಿ ಸಹಿಸಿಕೋ" ಎನ್ನುತ್ತೇವೆ. ಉರ್ದುವಿನಲ್ಲಿ ಸಿಟ್ಟಿನಿಂದ ಕುದಿಯುವುದನ್ನು "ದಾಂತ್ ಪೀಸ್‌ನಾ" ಎಂದು ವರ್ಣಿಸುತ್ತೇವೆ. ಹೆಣ್ಣುಮಕ್ಕಳಿಗೆ ಈ ಬುದ್ಧಿಮಾತು ಸಿಗುವಷ್ಟು ಗಂಡುಮಕ್ಕಳಿಗೆ ಸಿಗುವುದಿಲ್ಲ. ವಾರದ ಸಾಲದ ಕಂತು, ಗಲ್ಫಿನಲ್ಲಿರುವ ಗಂಡನ ಫೋನು ಬಾರದ ದಿನಗಳು, ಮಗಳ ಮದುವೆ, ಮನೆಯೊಳಗಿನ ಮಾತು, ಇವನ್ನೆಲ್ಲ ಬಾಯಿ ಬಿಡದೆ ಹೊತ್ತವರ ಭಾರ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳುತ್ತದೆ. ಸಾಲ ವಸೂಲಿಯ ಕಿರುಕುಳಕ್ಕೆ ತಡೆ ಹಾಕಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದೆಂದು ತಿಳಿದಿರಲಿ. ಮನಸ್ಸು ಭಾರವಾದವರಿಗೆ ಸರಕಾರದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181. ಹೊಡೆತಕ್ಕೆ ಹೆದರಿ ಬಿಗಿದ ದವಡೆಯನ್ನು ಯಾವ ಸೂಜಿಯೂ ಸಡಿಲಿಸದು.

ಇನ್ನು ಮಕ್ಕಳ ಮಾತು. ಮಗು ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಇದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹುಳಕ್ಕೂ ಹಲ್ಲು ಕಡಿತಕ್ಕೂ ನಂಟು ಇದೆಯೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಮಗು ಅದರ ಪಾಡಿಗೆ ತೆಗೆದುಕೊಳ್ಳಲಿ, ಅದು ಒಳ್ಳೆಯದೇ. ಆದರೆ ಹಲ್ಲು ಕಡಿಯುವುದು ನಿಲ್ಲಲಿಲ್ಲವೆಂದು ಮತ್ತೆ ಮತ್ತೆ ಮಾತ್ರೆ ನುಂಗಿಸಬೇಡಿ, ನಜರ್ ತಾಗಿದೆಯೆಂದು ತಾವೀಜು ಕಟ್ಟಿಸಿ ಸುಮ್ಮನಿರಲೂ ಬೇಡಿ. ಹೆಚ್ಚಿನ ಮಕ್ಕಳಲ್ಲಿ ಶಾಶ್ವತ ಹಲ್ಲು ಬರುವ ಹೊತ್ತಿಗೆ ಇದು ತಾನಾಗಿ ಕಡಿಮೆಯಾಗುತ್ತದೆ. ಜೊತೆಗೆ ಗೊರಕೆ ಇದ್ದರೆ, ಬಾಯಿ ತೆರೆದು ಮಲಗುತ್ತಿದ್ದರೆ, ಹಗಲಲ್ಲಿ ತೂಕಡಿಸುತ್ತಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಮಕ್ಕಳ ಹಲ್ಲು ಕಡಿತಕ್ಕೆ ಬೊಟಾಕ್ಸ್ ಸೂಜಿಯ ಪ್ರಶ್ನೆಯೇ ಬರುವುದಿಲ್ಲ.